ಬೊಂಬೆ ಕಾಳಗದ ಪಂಚರು

ಘೋಡಗೇರಿಯ ಶಿದ್ಲಿಂಗಪ್ಪನವರಿಗೆ ಭಾನುವಾರ ಬಂತೆಂದರೆ ಸಾಕಾಗಿ ಹೋಗುತ್ತದೆ. ಮೊಣಕಾಲು ನೋವು, ಎರಡು ಬಸ್ಸು, ಆಮೇಲೆ ಅರಭಾವಿಯಲ್ಲಿ ಸುಶಾಂತನ ಮಾಳಿಗೆಯ ಮೆಟ್ಟಿಲು. ಏದುಸಿರು ಬಿಡುತ್ತ ಮೇಲೆ ಹೋದರೆ ಮೇಜಿನ ತುಂಬ ಹೆಬ್ಬೆರಳೆತ್ತರದ ಗೋಕಾಕದ ಮರದ ಸಿಪಾಯಿಗಳು. ಆಡುವವರೇನು ಕೂಸುಗಳಲ್ಲ, ಪಗಾರ ಎಣಿಸುವ ಮಂದಿ. ಆದರೂ ಜಗಳಕ್ಕೇನೂ ಕಡಿಮೆಯಿಲ್ಲ.

ಈ ಯುದ್ಧದಾಟದ ಇಂಗ್ಲಿಷ್ ಪುಸ್ತಕ ತರಿಸಿದವನು ತೋಟಗಾರಿಕೆ ಕಾಲೇಜಿನಲ್ಲಿ ಪಾಠ ಹೇಳುವ ಸುಶಾಂತ. ದೂರದಿಂದ ಬಾಣ ಬಿಡುವವರೆಗೆ ತಂಟೆಯಿಲ್ಲ, ಅಳತೆಪಟ್ಟಿ ಇಟ್ಟರೆ ಮುಗಿಯಿತು. ಎರಡು ಬೊಂಬೆಗಳ ಪೀಠ ತಾಗಿ ಕೈಕೈ ಮಿಲಾಯಿಸುವ ಹೊತ್ತು ಬಂತೋ, ಪುಸ್ತಕದ ಒಂದೇ ಸಾಲನ್ನು ಒಬ್ಬೊಬ್ಬರು ತಮಗೆ ಬೇಕಾದ ಹಾಗೆ ಓದುತ್ತಿದ್ದರು. ಅದಕ್ಕೇ ಪಂಚರು ಬೇಕಾದರು. ಪಿ.ಟಿ. ಮಾಸ್ತರರಾಗಿ ನಿವೃತ್ತರಾದ ಶಿದ್ಲಿಂಗಪ್ಪನವರು ಮೂವತ್ತು ವರ್ಷ ಹುಕ್ಕೇರಿ ಸೀಮೆಯ ಕುಸ್ತಿ ಕಣಗಳಲ್ಲಿ ತೀರ್ಪು ಕೊಟ್ಟವರು. ಅವರ ಮಾತಿಗೆ ಒಬ್ಬ ಪೈಲವಾನನೂ ಎದುರಾಡಿದ್ದಿಲ್ಲ. ಆ ಒಂದು ಹೆಮ್ಮೆಯನ್ನು ಅವರು ತುಂಬ ಜೋಪಾನವಾಗಿ ಇಟ್ಟುಕೊಂಡಿದ್ದರು.

ಕಾಳಗದ ಅಧ್ಯಾಯದ ನಾಲ್ಕು ಸಾಲು ಓದಿ ಅವರು ಪುಸ್ತಕ ಮುಚ್ಚಿದ್ದರು. ಇದು ನಮ್ಮ ನಿಕಾಲಿ ಕುಸ್ತಿಯೇ ಅಂದರು, ಕೈಗೆ ಕೈ ಕೊಟ್ಟ ಮೇಲೆ ಒಬ್ಬ ಚಿತ್ ಆಗುವ ತನಕ ಕಣ ಬಿಡುವ ಹಾಗಿಲ್ಲ. ಎರಡು ವರ್ಷ ಹಾಗೇ ನಡೆಯಿತು. ಹೋದ ಭಾನುವಾರ ವರ್ಷದ ಕೊನೆಯ ಪಂದ್ಯ. ಸುಶಾಂತನೆದುರು ಆಡುತ್ತಿದ್ದ, ಮೂಡಲಗಿಯಲ್ಲಿ ನರ್ಸ್ ಆಗಿರುವ ಮಯೂರಿ, ತನ್ನ ಕುದುರೆ ಸವಾರರನ್ನು ಹಿಂದಕ್ಕೆ ಕರೆಸಬಹುದೇ ಎಂದು ಕೇಳಿದಳು. ತಾಗಿದ ಮೇಲೆ ಬಿಡುವಂತಿಲ್ಲ ಎಂದರು ಪಂಚರು. ಸವಾರರೆಲ್ಲ ಸತ್ತರು, ಸುಶಾಂತ ಗೆದ್ದ.

ಇನ್ನು ಈ ಉಸಾಬರಿ ಬೇಡ, ಬೇರೆ ಯಾರಿಗಾದರೂ ಒಪ್ಪಿಸೋಣ ಎಂದುಕೊಂಡು ಈ ವಾರ ನಿಯಮಗಳನ್ನು ಕನ್ನಡದಲ್ಲಿ ಬರೆದಿಡಲು ಕುಳಿತರು. ಆ ನಾಲ್ಕು ಸಾಲಿನ ಹಾಳೆ ತಿರುವಿದರೆ ಅಲ್ಲೇ ಇತ್ತು: ತಾಗಿದ ಮೇಲೂ ಒಂದು ಪೆಟ್ಟು ತಿಂದು ಹಿಂದೆ ಸರಿಯಬಹುದು. ಎರಡು ವರ್ಷ ಯಾರೂ ತಕರಾರು ಎತ್ತಿಲ್ಲ, ಇನ್ನು ಯಾರು ಎತ್ತುತ್ತಾರೆ ಎಂದು ಅವರಿಗೆ ಒಮ್ಮೆ ಅನಿಸಿತು. ಆದರೆ ಗೆಲ್ಲಬಹುದಾಗಿದ್ದ ಹುಡುಗಿಯನ್ನು ಸೋಲಿಸಿ ಪಂಚನೆನಿಸಿಕೊಳ್ಳುವುದು ಯಾವ ಮುಖ ಹೊತ್ತು?

ಭಾನುವಾರ ಎಲ್ಲರ ಮುಂದೆ ಆ ಪುಟ ತೆರೆದಿಟ್ಟು ತಪ್ಪು ಒಪ್ಪಿಕೊಂಡರು. ಸುಶಾಂತ ತಲೆ ತಗ್ಗಿಸಿದ. ಮಯೂರಿ ಮೆಲ್ಲಗೆ ಅಂದಳು:

“ನನಗ ಗೊತ್ತಿತ್ರಿ ಸರ್. ಎಲ್ಲಾರಿಗೂ ಗೊತ್ತಿತ್ತು. ನಿಮ್ಮ ಮಾತಿಗೆ ಎದುರಾಡೂದು ಬ್ಯಾಡಂತ ಸುಮ್ನಿದ್ವಿ.”

ಪಾಪ, ಸಮಾಧಾನಕ್ಕೆಂದೇ ಹೇಳಿದ್ದಳು. ಶಿದ್ಲಿಂಗಪ್ಪನವರು ತೆರೆದಿಟ್ಟ ಪುಸ್ತಕವನ್ನು ಮುಚ್ಚಿದರು. ಮೂವತ್ತು ವರ್ಷದಲ್ಲಿ ಮೈಮೇಲಿನ ಮಣ್ಣು ಝಾಡಿಸಿಕೊಂಡು, ತಮಗೆ ನಮಸ್ಕಾರ ಮಾಡಿ, ಸುಮ್ಮನೆ ಕಣದಿಂದ ಹೊರಟುಹೋದ ಪೈಲವಾನರ ಮುಖಗಳನ್ನು ಒಂದೊಂದಾಗಿ ನೆನೆಯತೊಡಗಿದರು.