ಅಳಿಯನನ್ನು ಒಂದು ಮಾತು ಕೇಳಿ

ಎರಡನೆಯ ಮಗಳು ಹುಟ್ಟಿದಾಗಲೇ ನನಗೆ ಸಾಕಾಗಿತ್ತು. ಭಾನುವಳ್ಳಿಯ ಗಂಡನ ಮನೆಯಲ್ಲಿ ಬೆಳಗಾದರೆ ಸಗಣಿ ಬಾಚಬೇಕು, ಹತ್ತು ಜನಕ್ಕೆ ರೊಟ್ಟಿ ಬಡಿಯಬೇಕು, ಆಮೇಲೆ ಬಟ್ಟೆಯ ರಾಶಿ. ಬಸುರಿಯಾದರೂ ಅದೇ, ಹಸುಗೂಸು ಕಂಕುಳಲ್ಲಿದ್ದರೂ ಅದೇ. ನಮ್ಮವರಲ್ಲಿ ಮೊದಲೆರಡು ಬಾಣಂತನ ತವರಿನವು, ಮೂರನೆಯದು ಗಂಡನ ಮನೆಯದು. ಹಾಗಾಗಿ ದಾವಣಗೆರೆಯ ಸರಸ್ವತಿ ನಗರದಲ್ಲಿ ಅವ್ವನ ಹತ್ತಿರ ಇರುವಾಗಲೇ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡುಬಿಡಬೇಕೆಂದಿದ್ದೆ.

ಅವ್ವನೂ ಒಪ್ಪಿದಳು. ಒಪ್ಪಿದವಳು ಸುಮ್ಮನಿರಬೇಕಿತ್ತು. ಮಗುವನ್ನು ನೋಡಲು ಬಂದ ನನ್ನ ಗಂಡನಿಗೆ ಶ್ಯಾವಿಗೆ ಪಾಯಸ ಬಡಿಸಿ, ಬಾಗಿಲ ಮರೆಯಲ್ಲಿ ನಿಂತು, ಆಪರೇಷನ್ ಮಾಡಿಸಬಹುದೇ ಎಂದು ಕೇಳಿಯೇಬಿಟ್ಟಳು. ಹೆಣ್ಣು ಕೊಟ್ಟವರು ಅಳಿಯನನ್ನು ಒಂದು ಮಾತು ಕೇಳದೆ ಏನೂ ಮಾಡಬಾರದು ಎಂಬುದು ಅವಳು ಕಲಿತ ಮರ್ಯಾದೆ. ಅವರು ಪಾಯಸ ಮುಗಿಸಿ, ತಮ್ಮ ಅವ್ವನನ್ನು ಕೇಳಿ ಹೇಳುತ್ತೇನೆಂದರು. ಆಪರೇಷನ್ನಿಗೆ ಆಸ್ಪತ್ರೆಯವರು ಹೇಳಿದ್ದ ವಾರ ಕಳೆಯಿತು, ಉತ್ತರ ಬರಲಿಲ್ಲ. ನನಗೆ ಅವರಿಗಿಂತ ಅವ್ವನ ಮೇಲೇ ಹೆಚ್ಚು ಸಿಟ್ಟು ಬಂದಿತ್ತು.

ಎರಡು ವರ್ಷಕ್ಕೆ ಮೂರನೆಯದು, ಅದೂ ಹೆಣ್ಣೇ. ಹೆರಿಗೆಗೆ ಭಾನುವಳ್ಳಿಯಿಂದ ದಾವಣಗೆರೆಯ ಆಸ್ಪತ್ರೆಗೆ ಕರೆತಂದರು, ಅವ್ವ ಬಂದು ಜೊತೆಗಿದ್ದಳು. ಮೈಯಲ್ಲಿ ರಕ್ತವಿರಲಿಲ್ಲ, ಎದ್ದು ಕೂರಲೂ ತ್ರಾಣವಿರಲಿಲ್ಲ. ಇನ್ನೊಂದು ಹೆರಿಗೆಯಾದರೆ ಜೀವಕ್ಕೇ ಕಷ್ಟ ಎಂದು ಡಾಕ್ಟರಮ್ಮ ಹೇಳಿದ್ದರು. ಅತ್ತೆ ಫೋನಿನಲ್ಲಿ, ಮುಂದಿನದು ಗಂಡಾಗುತ್ತದೆ ಬಿಡು ಎಂದು ಸಮಾಧಾನ ಹೇಳಿದರು. ಯಾರಿಗೆ ಸಮಾಧಾನವೋ ತಿಳಿಯಲಿಲ್ಲ.

ನರ್ಸಮ್ಮ ಬಂದಾಗ, ಆಪರೇಷನ್ ಬೇಕು, ಆದರೆ ಯಜಮಾನರ ಸಹಿ ಸಿಗುವುದು ಕಷ್ಟ ಎಂದೆ.

"ಅವ್ರ ಸಹಿ ಯಾಕ ಬೇಕು? ನಿಮ್ದೊಂದೇ ಸಾಕು. ಮೊದ್ಲಿಂದ್ಲೂ ಹಂಗೇ ಐತೆ," ಎಂದು ಫಾರ್ಮು ಕೊಟ್ಟಳು.

ಮಗುವಿನ ಮುಖ ನೋಡಿದೆ. ಇದು ಬೇಡವಾಗಿತ್ತು ಎನ್ನಲು ಮನಸ್ಸು ಬರಲಿಲ್ಲ. ಆದರೂ ನನ್ನದೇ ಒಂದು ಸಹಿಗೆ ಇನ್ನೊಬ್ಬರ ಬಾಯಿ ಕಾಯುತ್ತ ಕೂತೆನಲ್ಲ ಎಂದು ಹೊಟ್ಟೆ ಉರಿಯಿತು. ಅಳುವುದಕ್ಕೂ ಶಕ್ತಿ ಬೇಕು, ಅದಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಅವ್ವ ಮೆಲ್ಲಗೆ ಎದ್ದಳು. ನನ್ನ ಗಂಡ ಹೊರಗಿನ ಬೆಂಚಿನ ಮೇಲಿದ್ದರು. ಎಲ್ಲಿಗೆ ಹೊರಟಳೆಂದು ಗೊತ್ತಾಗಿ ಅವಳ ಸೆರಗು ಹಿಡಿದೆ.

"ಕುಂದ್ರವ್ವ. ಈ ಸಲ ಯಾರ್ನೂ ಕೇಳಬ್ಯಾಡ."

ಅವ್ವ ಬಾಗಿಲು ನೋಡಿದಳು, ನನ್ನನ್ನು ನೋಡಿದಳು, ಕೂತಳು. ನಾನು ಪೆನ್ನು ತೆಗೆದುಕೊಂಡೆ. ಮಲಗಿದಲ್ಲೇ ಪಕ್ಕಕ್ಕೆ ಹೊರಳಿದೆ. ಫಾರ್ಮು ಸರಿಯದಂತೆ ಅವಳು ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.