ಬೆಂಚಿನ ಮೇಲೆ ಕೂರಬೇಕಿದ್ದ ಹೋರಿ

ಮಾನ್ಯ ಓದುಗರಲ್ಲಿ,

ಮೊದಲನೆಯದಾಗಿ ನನ್ನ ಕೆಟ್ಟ ಅಕ್ಷರಕ್ಕೂ ಕಾಗುಣಿತದ ದೋಷಗಳಿಗೂ ಕ್ಷಮೆ ಕೋರುತ್ತೇನೆ. ಸಿಂಧನೂರಿನ ತಹಶೀಲ್ ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಪರರ ಅರ್ಜಿಗಳನ್ನು ಟೈಪು ಮಾಡುವುದು ನನ್ನ ಉದ್ಯೋಗ. ಪೆನ್ನು ಹಿಡಿದು ಬಹಳ ವರ್ಷಗಳಾದವು. ಆದರೂ ಈ ವಿಷಯವನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಬರೆಯಲು ಮನಸ್ಸು ಒಪ್ಪಲಿಲ್ಲ. ಅರ್ಜಿಯ ಭಾಷೆ ಬಿಟ್ಟು ಬೇರೆ ಬರವಣಿಗೆ ನನಗೆ ತಿಳಿಯದು. ಆದಕಾರಣ ಅದೇ ರೀತಿಯಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಕಳೆದ ವಾರ ನನ್ನ ಮೇಜಿನ ಡ್ರಾಯರನ್ನು ಸ್ವಚ್ಛಗೊಳಿಸುತ್ತಿದ್ದಾಗ ಹಳೆಯ ರಬ್ಬರ್ ಮೊಹರುಗಳ ಹಿಂದೆ ಒಂದು ಸೀಟಿ ಕೈಗೆ ತಗುಲಿತು. ಹಸಿರು ದಾರ ಕಟ್ಟಿದ ಕಪ್ಪು ಸೀಟಿ. ಅದು ಅಲ್ಲಿರುವುದು ನನಗೆ ಗೊತ್ತಿದ್ದ ಸಂಗತಿಯೇ. ಆದರೆ ಅದರಿಂದ ಇನ್ನೂ ಲವಂಗದ ವಾಸನೆ ಬರುತ್ತದೆಂಬುದು ಗೊತ್ತಿರಲಿಲ್ಲ...

ಲಿಂಗಸುಗೂರಿನಿಂದ ಹೊರಟು ಮಸ್ಕಿಯ ಮೇಲೆ ಹಾಯ್ದು ಸಿಂಧನೂರಿಗೆ ಬರುವ ಬೆಳಗಿನ ಬಸ್ಸಿನ ಕಂಡಕ್ಟರ್ ಅಕ್ಕನವರ ಸೀಟಿ ಅದು. ನಾನು ಮಸ್ಕಿಯಲ್ಲಿ ಹತ್ತುತ್ತಿದ್ದೆ. ನಾಟಿಯ ದಿನಗಳಲ್ಲಿ ಕೂಲಿಗೆ ಹೊರಟ ಹೆಣ್ಣುಮಕ್ಕಳಿಂದ ಬಸ್ಸು ತುಂಬಿ, ಬಾಗಿಲಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಕ್ಕನವರು ಬಾಯಲ್ಲಿದ್ದ ಲವಂಗವನ್ನು ದವಡೆಗೆ ಸರಿಸಿ ಕೂಗುತ್ತಿದ್ದರು: “ಯವ್ವಾ, ಬಾಗಿಲದಾಗ ನಿಂತು ಗದ್ದಿ ನೋಡಬ್ಯಾಡ್ರಿ. ಗದ್ದಿ ಎಲ್ಲೂ ಓಡಿ ಹೋಗಂಗಿಲ್ಲ. ಜರಾ ಒಳಗ ಸರೀರಿ!”

ಅವರು ಚಿನ್ನದ ಗಣಿಯ ಊರಾದ ಹಟ್ಟಿಯವರು. ತಂದೆ ಗಣಿಯಲ್ಲಿ ಪಾಳಿಯ ಕೆಲಸಕ್ಕಿದ್ದರು. ಕ್ವಾರ್ಟರ್ಸಿನ ಹಿಂದಿದ್ದ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಆಡಿ ಬೆಳೆದವರು ಅಕ್ಕ. ಆದರೆ ಯಾವ ಪಂದ್ಯವನ್ನೂ ಪೂರ್ತಿ ಆಡಿದವರಲ್ಲ. ಆ ಆಟದಲ್ಲಿ ಎದುರಾಳಿಯ ಮೈಮೇಲೆ ಬಿದ್ದರೆ, ಕೈ ಹಿಡಿದು ಎಳೆದರೆ ಫೌಲ್. ಐದು ಫೌಲ್ ಆದರೆ ಹೊರಗೆ ಹೋಗಬೇಕು. “ಸಣ್ಣಾಕಿ ಇದ್ದಾಗ ಎಲ್ಲಾರೂ ನನಗ ಸೀಟಿ ಊದಿದ್ರು ತಂಗಿ,” ಎಂದು ನಗುತ್ತಿದ್ದರು. “ಈಗ ನಾ ಊರಿಗೆಲ್ಲ ಊದಾಕತ್ತೀನಿ.”

ಮಸ್ಕಿ ನಿಲ್ದಾಣದಲ್ಲಿ ಚಹಾಕ್ಕೆಂದು ಬಸ್ಸು ನಿಲ್ಲುವ ಹೊತ್ತಿನಲ್ಲಿ ಮಾತ್ರ ಅವರು ಮೊಬೈಲ್ ತೆಗೆಯುತ್ತಿದ್ದರು. ಅದರಲ್ಲಿ ಬಾಸ್ಕೆಟ್‌ಬಾಲ್ ತಂಡವನ್ನು ನಡೆಸುವ ಒಂದು ಆನ್‌ಲೈನ್ ಆಟವಿತ್ತು. ನಾವು ಚೆಂಡು ಮುಟ್ಟುವಂತಿಲ್ಲ. ಆಟಗಾರರನ್ನು ಆರಿಸಿ, ಯಾರು ಯಾವಾಗ ಅಂಗಳಕ್ಕಿಳಿಯಬೇಕೆಂದು ಮೊದಲೇ ಹೇಳಿಟ್ಟರೆ, ಸಂಜೆ ಪಂದ್ಯ ತಾನಾಗಿ ನಡೆದು ವರದಿ ಬರುತ್ತದೆ. ಅವರ ಒತ್ತಾಯಕ್ಕೆ ನಾನೂ ಒಂದು ತಂಡ ಕಟ್ಟಿದೆ. ಇಬ್ಬರ ತಂಡಗಳೂ ಒಂದೇ ಗುಂಪಿಗೆ ಬಂದು ಆಗಾಗ ಎದುರಾಗುತ್ತಿದ್ದವು.

ಸದರಿ ಆಟದಲ್ಲಿ ಪ್ರತಿಯೊಬ್ಬ ಆಟಗಾರನ ಓಟ, ಜಿಗಿತ, ಗುರಿ ಇವುಗಳಿಗೆ ಕೊಟ್ಟ ಅಂಕಗಳು ಕಾಣುತ್ತವೆ. ಕೆಲವು ಗುಣಗಳು ಕಾಣುವುದಿಲ್ಲ. ಯಾರಿಗೆ ಬೇಗ ಸಿಟ್ಟು ಬರುತ್ತದೆ, ಯಾರ ಕೈ ಸುಮ್ಮನಿರುವುದಿಲ್ಲ ಎಂಬುದನ್ನು ಆಟವು ಮುಚ್ಚಿಡುತ್ತದೆ. ವರದಿಗಳನ್ನು ಬಿಡದೆ ಓದಿದವರಿಗಷ್ಟೇ ಅದು ತಿಳಿಯುವುದು. ನಾನು ಓದುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಅಂಕಗಳಿದ್ದ ಒಬ್ಬನನ್ನು ಸೇರಿಸಿಕೊಂಡು ಹಿಗ್ಗಿದೆ. ಅವನು ಪಂದ್ಯ ಅರ್ಧವಾಗುವ ಮೊದಲೇ ಐದು ಫೌಲ್ ಮಾಡಿ ಹೊರಗೆ ಹೋಗುತ್ತಿದ್ದ.

“ಅಕ್ಕಾ, ಇವನ್ನ ತಗದು ಹಾಕ್ತೀನಿ. ಅಂಕ ನೋಡಿ ಮೋಸ ಹೋದೆ,” ಎಂದೆ.

“ತಗದು ಹಾಕಬ್ಯಾಡ ಬೇ, ನನಗ ಕೊಡು. ಇಂವ ಹೋರಿ ಅದಾನ. ಹೋರೀನ ಮುಂಜಾನೇನ ಬಿಚ್ಚಿ ಬಿಟ್ರ ಬೇಲಿ ಮುರೀದ ಏನ್ ಮಾಡತೈತಿ?”

ಅವನನ್ನು ಅಕ್ಕನ ತಂಡಕ್ಕೆ ಬಿಟ್ಟುಕೊಟ್ಟೆ. ಅಂದಿನಿಂದ ಅವನ ಹೆಸರೇ ಹೋರಿ ಎಂದಾಯಿತು. ಅಕ್ಕ ಅವನನ್ನು ಬೆಂಚಿನ ಮೇಲೆ ಕೂರಿಸಿ, ಪಂದ್ಯದ ನಾಲ್ಕು ಪಾದಗಳಲ್ಲಿ ಕೊನೆಯ ಪಾದದಲ್ಲಿ ಮಾತ್ರ ಇಳಿಸುತ್ತಿದ್ದರು. ಐದು ಫೌಲ್ ಮಾಡುವಷ್ಟು ಸಮಯ ಅವನಿಗೆ ದೊರೆಯುತ್ತಿರಲಿಲ್ಲ. ದಣಿದ ಎದುರಾಳಿಗಳ ನಡುವೆ ನುಗ್ಗಿ ಗೆಲ್ಲಿಸಿಬಿಡುತ್ತಿದ್ದ. ನಮ್ಮಿಬ್ಬರ ತಂಡಗಳು ಎದುರಾದಾಗಲೆಲ್ಲ ನಾನೇ ಸೋತೆ. ಮರುದಿನ ನಾನು ಬಸ್ಸಿನ ಮೆಟ್ಟಿಲಿಗೆ ಕಾಲಿಡುವುದನ್ನೇ ಅವರು ಕಾಯುತ್ತಿದ್ದರು. “ಏನ ಬೇ, ನೀ ಸಾಕಿದ ಹೋರಿ ನಿನಗ ಹಾಯ್ದು ಹೋತಲ್ಲ!” ಇಡೀ ಬಸ್ಸು ತಿರುಗಿ ನೋಡುತ್ತಿತ್ತು. ಯಾರ ಹೋರಿ, ಎಲ್ಲಿ ಹಾಯಿತು ಎಂದು ಮುದುಕಿಯೊಬ್ಬಳು ಗಾಬರಿಯಾಗಿ ವಿಚಾರಿಸಿದ್ದೂ ಉಂಟು.

ಇವನೊಬ್ಬನಿಗಾಗಿ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆಂದು ಒಮ್ಮೆ ಕೇಳಿದೆ. ಅಕ್ಕ ಟಿಕೆಟ್ ಯಂತ್ರದ ಕಾಗದವನ್ನು ಸರಿಮಾಡಿದರು. “ನನ್ನ ಎಲ್ಲಾರಕ್ಕಿಂತ ಮೊದಲ ಇಳಸ್ತಿದ್ರು ತಂಗಿ, ಎಲ್ಲಾರಕ್ಕಿಂತ ಮೊದಲ ಹೊರಗ ಹಾಕ್ತಿದ್ರು. ಆಮ್ಯಾಲ ಕರಿಯೋದನ್ನ ಬಿಟ್ರು. ಯಾರರೆ ಒಂದೀಟು ಕುಂದರ್ಸಿ, ತಡದು ಇಳಿಸಿದ್ರ...” ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದರು. ಅಕ್ಕ ಸೀಟಿ ಊದಿದರು. ಆ ಮಾತು ಅಲ್ಲಿಗೇ ಉಳಿಯಿತು...

ಬರಬರುತ್ತ ಅವರು ಎಂಜಿನ್ ಪಕ್ಕದಲ್ಲಿ ಕೂರುವುದು ಹೆಚ್ಚಾಯಿತು. ಡ್ಯೂಟಿಯ ದಣಿವೆಂದು ನಾನು ಭಾವಿಸಿದ್ದೆ. ಒಂದು ಬೆಳಗ್ಗೆ ಮಸ್ಕಿಯಲ್ಲಿ ಕೊರಳಿನ ಸೀಟಿಯನ್ನು ತೆಗೆದು ನನ್ನ ಕೈಗಿಟ್ಟರು.

“ನಾಳಿಗೆ ರಾಯಚೂರು ದವಾಖಾನಿಗೆ ಹೊಂಟೀನಿ. ಇದನ್ನ ನೀ ಇಟ್ಕೊ. ಅಲ್ಲಿ ಊದಿದ್ರ ಡಾಕ್ಟರೂ ನನ್ನ ಹೊರಗ ಹಾಕ್ತಾರ. ಬಂದು ಇಸ್ಕೋತೀನಿ.”

“ಟೀಮಿಂದು ಏನ್ ಮಾಡ್ತೀರಿ ಅಕ್ಕಾ?”

“ಅದರ ಪಾಡಿಗೆ ಅದು ನಡೀತೈತಿ ಬಿಡು. ಹೋರೀನ ಬೆಂಚಿನ ಮ್ಯಾಲ ಕುಂದರ್ಸೀನಿ.”

ಆಟದ ಪಾಸ್‌ವರ್ಡ್ ಕೊಟ್ಟು ಹೋಗಿ ಎಂಬ ಮಾತು ನನ್ನ ತುದಿ ನಾಲಿಗೆಯಲ್ಲಿತ್ತು. ಕೇಳಿದರೆ ಅವರು ಮರಳಿ ಬರುವುದಿಲ್ಲವೆಂದು ನಾನೇ ಒಪ್ಪಿಕೊಂಡಂತಾಗುತ್ತಿತ್ತು. ಕೇಳಲಿಲ್ಲ.

ದವಾಖಾನೆಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು, “ಹೋರಿ ಹೆಂಗದಾನ?” ಎಂದು. “ಬೆಂಚಿನ ಮ್ಯಾಲ ಅದಾನ ಅಕ್ಕಾ,” ಎಂದೆ. ಆಗ ಅದು ನಿಜವಾಗಿತ್ತು. ಅಕ್ಕನ ಧ್ವನಿ ಬಹಳ ಸಣ್ಣದಾಗಿತ್ತು... ಮತ್ತೆ ಮಾಡಿದಾಗ ಯಾರೂ ಎತ್ತಲಿಲ್ಲ.

ಸುದ್ದಿಯನ್ನು ತಿಳಿಸಿದವರು ಅದೇ ಬಸ್ಸಿನ ಡ್ರೈವರ್. ಸ್ಟಿಯರಿಂಗಿನಿಂದ ಕೈ ತೆಗೆಯದೆ, ನನ್ನ ಕಡೆ ನೋಡದೆ ಹೇಳಿದರು: “ಅಕ್ಕಾರು ಹೋಗ್ಯಾರವ್ವಾ. ಕಿಡ್ನಿ ಮೊದಲಿಂದ ಸರಿ ಇದ್ದಿಲ್ಲಂತ. ಯಾರ ಮುಂದೂ ಹೇಳಿಲ್ಲ. ಬಾಯಿ ಕಹಿ ಆಗತಿತ್ತಂತ, ಅದಕ್ಕ ಆ ಲವಂಗ.” ಗಂಟಲು ಒಣಗುತ್ತದೆ, ಅದಕ್ಕೇ ಲವಂಗ ಎಂದು ಅಕ್ಕ ನನಗೆ ಹೇಳಿದ್ದರು. ನಾನು ದಿನವೂ ಅವರ ಪಕ್ಕದಲ್ಲೇ ಕೂತು ಪ್ರಯಾಣಿಸಿದ್ದೆ.

ತಂಡವನ್ನು ನಡೆಸುವವರು ಬಹುದಿನ ಬಾರದಿದ್ದಲ್ಲಿ ಅದನ್ನು ಕಂಪ್ಯೂಟರೇ ವಹಿಸಿಕೊಳ್ಳತಕ್ಕದ್ದೆಂಬುದು ಆ ಆಟದ ನಿಯಮ. ಅದರಂತೆ ಅಕ್ಕನ ತಂಡವನ್ನೂ ವಹಿಸಿಕೊಂಡಿತು. ಕಂಪ್ಯೂಟರು ಅಂಕಗಳನ್ನು ನೋಡಿ ಐವರನ್ನು ಆರಿಸುತ್ತದೆ. ಅಂಕ ಹೆಚ್ಚಿರುವುದು ಹೋರಿಗೆ. ಈಗ ಅವನು ಮೊದಲೇ ಇಳಿಯುತ್ತಾನೆ, ಮೊದಲೇ ಹೊರಗೆ ಹೋಗುತ್ತಾನೆ. ಪ್ರತಿ ವರದಿಯನ್ನೂ ನಾನು ಓದುತ್ತೇನೆ. ಕೊನೆಯ ಪಾದದಲ್ಲಿ ಅವನ ಹೆಸರಿರುವುದಿಲ್ಲ.

ಸೀಟಿ ಕೈಗೆ ಸಿಕ್ಕ ದಿನವೇ ನಮ್ಮಿಬ್ಬರ ತಂಡಗಳಿಗೆ ಪಂದ್ಯವಿತ್ತು. ಹೇಗಾದರೂ ಅಕ್ಕನ ತಂಡಕ್ಕೆ ಸೋಲಬೇಕೆಂದು ನನ್ನ ಅತಿ ದುರ್ಬಲ ಐವರನ್ನು ಇಳಿಸಿದೆ. ಹೋರಿ ಎಂದಿನಂತೆ ಬೇಗನೆ ಐದು ಫೌಲ್ ಮಾಡಿ ಹೊರನಡೆದ. ಅವನಿಲ್ಲದ ತಂಡ ನನ್ನ ದುರ್ಬಲರ ಎದುರೂ ನಿಲ್ಲಲಿಲ್ಲ. ನಾನು ಗೆದ್ದೆ. ಅಕ್ಕನ ತಂಡದ ವಿರುದ್ಧ ಅದೇ ಮೊದಲ ಗೆಲುವು.

ಮರುದಿನ ಮಸ್ಕಿಯಲ್ಲಿ ಬಸ್ಸು ಹತ್ತುವಾಗ ಮೆಟ್ಟಿಲ ಮೇಲೆ ಸ್ವಲ್ಪ ನಿಂತೆ. ಹೊಸ ಕಂಡಕ್ಟರ್ ಸಭ್ಯರು. “ಒಳಗ ಬರ್ರಿ ಮೇಡಂ,” ಎಂದಷ್ಟೇ ಹೇಳಿದರು.

ಸದರಿ ಸೀಟಿಯನ್ನು ಇಸಿದುಕೊಳ್ಳಲು ಈವರೆಗೆ ಯಾರೂ ಬಂದಿರುವುದಿಲ್ಲ. ಅದು ನನ್ನ ಡ್ರಾಯರಿನಲ್ಲಿಯೇ ಇರುತ್ತದೆ. ಹೋರಿಯನ್ನು ಬೆಂಚಿಗೆ ಮರಳಿಸುವ ಅಧಿಕಾರ ನನಗೆ ಇರುವುದಿಲ್ಲ. ಈ ಬರಹದಲ್ಲಿನ ತಪ್ಪುಗಳನ್ನಾದರೂ ತಿದ್ದಬಹುದು. ಕಂಡುಬಂದಲ್ಲಿ ದಯವಿಟ್ಟು ತಿದ್ದಿಕೊಡಬೇಕಾಗಿ ತಮ್ಮಲ್ಲಿ ವಿನಂತಿ.