ಎರಡು ಬೆರಳಿನ ಎತ್ತರ

ಕಾರಿನ ವಿಷಯದಲ್ಲಿ ನನ್ನ ಅಭಿಪ್ರಾಯಗಳು ಬಹಳ ಗಟ್ಟಿ. ಯಾರಾದರೂ ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಸೈಲೆನ್ಸರ್ ಬದಲಿಸಿ ಊರೆಲ್ಲ ಗುಡುಗಿಸಿಕೊಂಡು ಹೋಗುವವನು ಕಾರು ಪ್ರೇಮಿಯಲ್ಲ, ಬರೀ ಗದ್ದಲ ಪ್ರೇಮಿ. ಡಿಕ್ಕಿಯ ಮೇಲೆ ಹಲಗೆಯಂಥ ರೆಕ್ಕೆ ಕೂರಿಸಿಕೊಂಡು ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಆಟೋಗಳ ಹಿಂದೆ ತೆವಳುವವನಿಗೆ ಆ ರೆಕ್ಕೆಯಿಂದ ಏನು ಉಪಯೋಗ? ಒದ್ದೆ ಟವೆಲ್ ಹಾಕಬಹುದು, ಅಷ್ಟೆ. ಇನ್ನು ಎದುರಿಗೆ ಬರುವವರ ಕಣ್ಣು ಕುಕ್ಕುವ ಬಿಳಿ ದೀಪ ಹಾಕಿಸಿದವರ ಬಗ್ಗೆ ನಾನು ಬರೆಯದಿರುವುದೇ ಒಳ್ಳೆಯದು, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಾರನ್ನು ಸುಧಾರಿಸಬೇಕೆಂದರೆ ಮೊದಲು ಬ್ರೇಕು, ಆಮೇಲೆ ಟೈರು, ಆಮೇಲೆ ಸ್ಪ್ರಿಂಗು. ಎಂಜಿನ್ನಿಗೆ ಕೈ ಹಾಕುವುದು ಕಟ್ಟಕಡೆಗೆ. ಇದು ನನ್ನ ಧರ್ಮ.

ಈ ಧರ್ಮವನ್ನು ನಾನು ಬೋಧಿಸುತ್ತಿದ್ದದ್ದು ರಾಯಚೂರಿನ ಒಂದು ಗ್ಯಾರೇಜಿನಲ್ಲಿ. ನನ್ನ ಮನೆ ಮಾನ್ವಿಯಲ್ಲಿ, ಕೆಲಸ ಪೋತ್ನಾಳದ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಮಾಸ್ತರಿಕೆ. ರವಿವಾರ ಬಂತೆಂದರೆ ರಾಯಚೂರಿನ ಹಾದಿ ಹಿಡಿಯುತ್ತಿದ್ದೆ. ಗ್ಯಾರೇಜಿನ ಮಾಲೀಕ ನನ್ನ ಕಾಲೇಜು ದಿನಗಳ ಗೆಳೆಯ. ಅಲ್ಲಿಗೆ ಬರುತ್ತಿದ್ದ ಇನ್ನೊಬ್ಬ ಬಟ್ಟೆ ಅಂಗಡಿಯವನು, ಗದ್ದಲದ ಪಕ್ಷದ ನಾಯಕ. ಮಂಡಾಳು ವಗ್ಗರಣೆ, ಮಿರ್ಚಿ ತರಿಸಿಕೊಂಡು ಮೂವರೂ ಜಗಳಕ್ಕೆ ಕೂರುತ್ತಿದ್ದೆವು.

"ಮಾಸ್ತರ, ಆವಾಜ್ ಇಲ್ಲದ ಗಾಡಿ ಗಾಡಿನೇ ಅಲ್ರೀ," ಎಂದು ಬಟ್ಟೆ ಅಂಗಡಿಯವನು ಶುರು ಮಾಡುತ್ತಿದ್ದ.

"ಆವಾಜ್ ಬೇಕಂದ್ರ ಹಿಟ್ಟಿನ ಗಿರಣಿ ತಗೋ, ಕಾರ್ ಯಾಕ ಬೇಕು ನಿನಗ?" ಎನ್ನುತ್ತಿದ್ದೆ ನಾನು.

ಓಟದ ವಿಷಯದಲ್ಲೂ ನಮ್ಮದು ಎರಡು ದಾರಿ. ಅವನಿಗೆ ಟಿವಿಯಲ್ಲಿ ತೋರಿಸುವ, ಗಾಜಿನಂಥ ರಸ್ತೆಯ ಮೇಲೆ ಸುತ್ತು ಹಾಕುವ ಓಟ ಇಷ್ಟ. ನನಗೆ ಮಣ್ಣು, ಕಲ್ಲು, ಗುಂಡಿಗಳ ಮೇಲೆ ಓಡಿಸುವ ರ‍್ಯಾಲಿ. ಯಾಕೆಂದರೆ ಅದು ನನಗೆ ಗೊತ್ತಿರುವ ರಸ್ತೆ. ಆ ದೊಡ್ಡ ಓಟಗಾರರು ಸುಗ್ಗಿಯಲ್ಲಿ ಒಮ್ಮೆ ಪೋತ್ನಾಳದ ಕಡೆ ಬಂದು ನೋಡಲಿ. ಅರ್ಧ ರಸ್ತೆಯ ಮೇಲೆ ಭತ್ತ ಒಣಹಾಕಿರುತ್ತಾರೆ, ಅಂಚಿಗೆ ಕಲ್ಲು ಜೋಡಿಸಿರುತ್ತಾರೆ, ಉಳಿದರ್ಧದಲ್ಲಿ ಕುರಿ ಹಿಂಡು, ಅದರ ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್. ನಾನು ಅದನ್ನೆಲ್ಲ ದಿನಾ ದಾಟಿ ಹೋಗಿ ಪ್ರಾರ್ಥನೆ ಹೊತ್ತಿಗೆ ಶಾಲೆಯಲ್ಲಿರುತ್ತೇನೆ. ಹಾಗಂತ ಊರ ರಸ್ತೆಯಲ್ಲಿ ರೇಸ್ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ, ಅವರ ಚಾವಿ ಕಿತ್ತು ಬಾವಿಗೆ ಹಾಕಬೇಕು.

ನನ್ನ ಕಾರು ಹಳೆಯ ಪೆಟ್ರೋಲ್ ಸಣ್ಣ ಕಾರು, ಬೇರೆಯವರು ಓಡಿಸಿ ಬಿಟ್ಟದ್ದು. ನಮ್ಮ ಮನೆತನದಲ್ಲಿ ಮೊಟ್ಟಮೊದಲ ನಾಲ್ಕು ಗಾಲಿಯ ವಾಹನ. ಅಪ್ಪ ಇದನ್ನು ನೋಡಲಿಲ್ಲ, ನಾನು ನೌಕರಿಗೆ ಸೇರುವ ಮೊದಲೇ ಹೋಗಿಬಿಟ್ಟ. ಜೀವಮಾನವೆಲ್ಲ ಬೇರೆಯವರ ಗದ್ದೆಯಲ್ಲಿ ನಾಟಿ ಹಚ್ಚಿದ ಅವ್ವ ಈಗ ನನ್ನ ಜೊತೆ ಮಾನ್ವಿಯಲ್ಲಿದ್ದಾಳೆ. ಕಾರು ಬಂದ ವಾರವೇ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಅವಳ ತವರೂರಿಗೆ ಹೋಗಿಬಂದೆ. ಆ ಊರು ದೇವದುರ್ಗ ತಾಲ್ಲೂಕಿನಲ್ಲಿ, ಜಾಲಹಳ್ಳಿ ಕಡೆಯಿಂದ ಒಳಗೆ ಹೋಗಬೇಕು. ಮನೆಗೆ ಬಂದಮೇಲೆ ಅವ್ವ ಓಣಿಯ ಹೆಂಗಸರಿಗೆಲ್ಲ ಆ ಪ್ರಯಾಣವನ್ನು ವಾರಗಟ್ಟಲೆ ಬಣ್ಣಿಸಿದಳು. ಕಾರು ಅವಳಿಗೆ ಇಷ್ಟೊಂದು ಹಿಡಿಸಿತಲ್ಲ ಎಂದು ನಾನೂ ಉಬ್ಬಿಹೋದೆ.

ಆಮೇಲೆ ನಾನು ಕಾರನ್ನು ತಗ್ಗಿಸಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾರಿನ ಮೈ ನೆಲಕ್ಕೆ ಹತ್ತಿರವಿದ್ದಷ್ಟೂ ತಿರುವಿನಲ್ಲಿ ಕಡಿಮೆ ವಾಲುತ್ತದೆ, ಬಿಗಿಯಾಗಿ ತಿರುಗುತ್ತದೆ. ಅದಕ್ಕೆ ಕಂಪನಿಯ ಸ್ಪ್ರಿಂಗ್ ತೆಗೆದು ಗಿಡ್ಡ ಸ್ಪ್ರಿಂಗ್ ಹಾಕಬೇಕು. ನಮ್ಮ ಗ್ಯಾರೇಜಿನಲ್ಲಿ ಎತ್ತರದ ಲೆಕ್ಕ ಬೆರಳಿನಲ್ಲಿ. ಗೆಳೆಯ ಟೈರಿಗೂ ಮೇಲಿನ ಮಡ್‌ಗಾರ್ಡಿಗೂ ನಡುವಿನ ಸಂದಿನಲ್ಲಿ ಅಂಗೈ ಅಡ್ಡ ತೂರಿಸಿ, "ನಾಕು ಬೆರಳು ಅದ. ಎರಡಕ್ಕ ಇಳಸ್ತೀನಿ ನೋಡು, ನೆಲಾ ಹಿಡಕೊಂಡು ಹೋಗ್ತದ," ಎಂದ. ಸುಳ್ಳು ಹೇಳಲಿಲ್ಲ. ಮರಳಿ ಮಾನ್ವಿಗೆ ಬರುವಾಗ ಪ್ರತಿ ತಿರುವಿಗೂ ನನಗೆ ಒಳಗೊಳಗೇ ನಗು ಬರುತ್ತಿತ್ತು. ಹೊಸ ಬೂಟು ಹಾಕಿಕೊಂಡ ಹುಡುಗನಿಗೂ ಅಷ್ಟು ಖುಷಿ ಆಗಿರಲಿಕ್ಕಿಲ್ಲ.

ಅವ್ವ ಬಾಗಿಲಲ್ಲಿ ನಿಂತು ಕಾರನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕೋ, ಟೈರಿನಾಗ ಗಾಳಿ ಇಲ್ಲೇನು?"

"ಗಾಳಿ ಅದ ಬೇ. ಸ್ಪ್ರಿಂಗ್ ಬದಲಿ ಮಾಡಿಸೀನಿ. ಇನ್ನ ಮ್ಯಾಲೆ ಮಸ್ತ್ ಓಡ್ತದ."

"ಮೊದಲೇನು ನಿಂತಿತ್ತೇನು?" ಎಂದವಳೇ ಒಳಗೆ ಹೋದಳು.

ಅಂದಿನಿಂದ ಅವ್ವ ಕಾರು ಹತ್ತಲಿಲ್ಲ. ದವಾಖಾನೆಗೆ ಆಟೋ, ಸಂತೆಗೆ ಆಟೋ, ದೂರದ ಊರಿಗೆ ಬಸ್ಸು. ಕೇಳಿದರೆ ಮೊಣಕಾಲು ನೋವು ಎನ್ನುತ್ತಿದ್ದಳು. ನಾನು ಗಣಿತದವನಲ್ಲವೇ, ಸಮಸ್ಯೆ ಎಂದರೆ ಬಿಡಿಸಲೇಬೇಕು. ಸೀಟಿನ ಮೇಲೆ ದಪ್ಪ ದಿಂಬು ಹಾಕಿದೆ. ಹಿಡಿದುಕೊಳ್ಳಲು ಬಾಗಿಲ ಹತ್ತಿರ ಹಿಡಿಕೆ ಹಾಕಿಸಿದೆ. ಸೀಟನ್ನು ಪೂರಾ ಹಿಂದಕ್ಕೆ ಸರಿಸಿ, ಹೇಗೆ ಹಿಂಭಾಗ ಮೊದಲು ಇಟ್ಟು ಆಮೇಲೆ ಕಾಲು ಒಳಗೆ ತೆಗೆದುಕೊಳ್ಳಬೇಕು ಎಂದು ಅವಳ ಎದುರು ಅಭಿನಯಿಸಿ ತೋರಿಸಿದೆ. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು, ಹತ್ತಲಿಲ್ಲ. ನನಗೆ ಎಲ್ಲಿಲ್ಲದ ಸಂಕಟವಾಗುತ್ತಿತ್ತು. ಕಾರು ತಂದಿದ್ದೇ ಅವ್ವನನ್ನು ಕೂರಿಸಿಕೊಂಡು ಓಡಾಡಬೇಕು ಎಂದು. ಈಗ ಅವಳು ಬಿಸಿಲಲ್ಲಿ ಆಟೋಗೆ ಕೈ ಮಾಡುತ್ತ ನಿಂತಿರುತ್ತಾಳೆ, ಬಾಗಿಲಲ್ಲಿ ಕಾರು ಖಾಲಿ ನಿಂತಿರುತ್ತದೆ.

ಅಷ್ಟರಲ್ಲಿ ರಾಯಚೂರಿನ ಹೊರಗೆ ಒಂದು ಬಯಲಲ್ಲಿ ಓಟ ಇಡುತ್ತಾರೆಂಬ ಸುದ್ದಿ ಬಂತು. ಟೈರುಗಳನ್ನು ಅಲ್ಲಲ್ಲಿ ಪೇರಿಸಿ ದಾರಿ ಮಾಡಿರುತ್ತಾರೆ, ಒಬ್ಬೊಬ್ಬರೇ ಓಡಿಸಬೇಕು, ಕಡಿಮೆ ಹೊತ್ತಿನಲ್ಲಿ ಮುಗಿಸಿದವನು ಗೆದ್ದ. ಬಟ್ಟೆ ಅಂಗಡಿಯವನು ಹೆಸರು ಕೊಟ್ಟ. ಅವನು ಕೊಟ್ಟಮೇಲೆ ನಾನು ಬಿಡುತ್ತೇನೆಯೇ? ಅಂಥ ತಿರುವುಗಳ ದಾರಿಗೆ ನನ್ನ ತಗ್ಗಿದ ಕಾರು ಹೇಳಿ ಮಾಡಿಸಿದಂತಿತ್ತು. ಗದ್ದಲದ ಪಕ್ಷದ ಬಾಯಿ ಮುಚ್ಚಿಸುವ ದಿನ ಬಂತು ಎಂದುಕೊಂಡೆ. ಆದರೆ ಅದೇ ರವಿವಾರ ಅವ್ವನ ತವರಿನಲ್ಲಿ ನನ್ನ ಮಾವನ ಮೊಮ್ಮಗಳ ತೊಟ್ಟಿಲು ಕಾರ್ಯ. "ನೀ ನಿನ್ನ ಆಟಕ್ಕ ಹೋಗಪ್ಪಾ, ನಾ ಬಸ್ಸಿಗೆ ಹೋಗಿ ಬರ್ತೀನಿ," ಎಂದು ಅವ್ವ ತಾನೇ ದಾರಿ ಬಿಟ್ಟುಕೊಟ್ಟಳು.

ಅದಕ್ಕೂ ಎರಡು ದಿನ ಮುಂಚೆ ಕೂಸಿಗೆ ಕುಲಾವಿ, ಬಟ್ಟೆ ತರಲು ದೇವದುರ್ಗಕ್ಕೆ ಹೊರಟಳು. ಶಾಲೆಗೆ ರಜೆ ಇತ್ತು. ಕಾರಿನಲ್ಲಿ ಬಿಡುತ್ತೇನೆ ಎಂದೆ. ಬೇಡ ಎಂದಳು. ಸಿಟ್ಟು ಬಂದು, ಅವಳ ಜೊತೆಯಲ್ಲೇ ಮಾನ್ವಿ ಬಸ್ ಸ್ಟ್ಯಾಂಡಿನ ತನಕ ನಡೆದು ಹೋದೆ. ಬಸ್ಸು ಇನ್ನೂ ಬಂದಿರಲಿಲ್ಲ.

"ಖರೇ ಹೇಳವ್ವಾ. ಮೊಣಕಾಲಂತೂ ಅಲ್ಲ. ಬಸ್ಸಿನ ಮೆಟ್ಟಲು ಹತ್ತಾಕ ಬರ್ತದ, ನನ್ನ ಕಾರ್ ಹತ್ತಾಕ ಬರಂಗಿಲ್ಲೇನು?"

ಅವ್ವ ಚೀಲದ ಹಿಡಿಕೆ ತಿರುವುತ್ತ ಕೇಳಿದಳು:

"ನಮ್ಮ ಊರಾಗ ಆ ದೊಡ್ಡ ಮನಿ ಕಟ್ಟಿ ನೆನಪದ ಏನು?"

ನೆನಪಿರದೆ ಏನು? ಅವ್ವನ ತವರಿನಲ್ಲಿ ಬಸ್ಸಿಳಿದು ಕೆಳಗಿನ ಕೇರಿಗೆ, ಅಂದರೆ ನಮ್ಮವರ ಮನೆಗಳಿಗೆ ಹೋಗಬೇಕಾದರೆ ಆ ಕಟ್ಟೆಯ ಮುಂದೆಯೇ ಹಾದುಹೋಗಬೇಕು. ಓಣಿ ತಗ್ಗಿನಲ್ಲಿ, ಕಟ್ಟೆ ಎತ್ತರದಲ್ಲಿ. ಮೇಲೆ ಆ ಮನೆಯ ಗಂಡಸರು ಕೂತಿರುತ್ತಿದ್ದರು. ಅಲ್ಲಿಗೆ ಬಂದಾಗ ಕೇರಿಯ ಹೆಂಗಸರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ದಾಟಬೇಕು. ಅಪ್ಪ ಆ ಊರಿನ ಅಳಿಯ, ಆದರೂ ಸೈಕಲ್ ಇಳಿದು ನನ್ನನ್ನೂ ಕ್ಯಾರಿಯರಿನಿಂದ ಇಳಿಸಿ, ತಳ್ಳಿಕೊಂಡೇ ಹೋಗುತ್ತಿದ್ದ. ಈಗ ಆ ರೂಢಿ ಇಲ್ಲ. ಯಾರೂ ಇಳಿ ಎನ್ನುವುದಿಲ್ಲ. ಕಟ್ಟೆ ಮಾತ್ರ ಹಾಗೇ ಇದೆ.

"ಹೋದ ಸಲ ಕಾರಿನಾಗ ಹೋದಾಗ ಏನಾತು ಗೊತ್ತೇನು?" ಎಂದಳು ಅವ್ವ. "ಕಟ್ಟಿ ಮ್ಯಾಲೆ ಕುಂತವರ ಮಾರಿ, ನನ್ನ ಮಾರಿ, ಎರಡೂ ಸಮಾ ಬಂದ್ವು. ಕಣ್ಣಿಗೆ ಕಣ್ಣು ಕೂಡಿತು. ನನ್ನ ಜಲ್ಮದಾಗ ಮೊದಲನೇ ಸಲ. ನೀ ಮುಂದ ನೋಡಿಕೋತ ಗಾಡಿ ಹೊಡೀತಿದ್ದಿ, ನಿನಗ ಗೊತ್ತಾಗಲಿಲ್ಲ. ಈಗ ಅದನ್ನ ಇಳಿಸಿಬಿಟ್ಟೀದಿ, ಸಂತಿಗೆ ಹೋಗಾಕ ನೋಡಿದ್ರೂ ಆ ಕಟ್ಟಿನೇ ನೆನಪಾಗ್ತದ. ಅದರಾಗ ಕುಂತು ಹೋದ್ರ ಅವರು ಮತ್ತ ಮ್ಯಾಲಿಂದನ ನನ್ನ ನೋಡ್ತಾರ. ನಡಕೊಂಡು ಹೋದ್ರ ರೂಢಿ ಮ್ಯಾಲೆ ತಲಿ ತಾನ ತಗ್ಗತದ, ಮಗನ ಕಾರಿನಾಗ ಕುಂತೂ ತಗ್ಗೂದಕ್ಕಿಂತ ಬಸ್ ಪಾಡ ಅಲ್ಲೇನು?"

"ಮೊದಲ ಹೇಳಬೇಕಿಲ್ಲವ್ವಾ ಇದನ್ನ!"

"ಹೆಂಗ ಹೇಳಲಿ? ಆ ಸ್ಪ್ರಿಂಗ್ ಹಾಕಿಸ್ಕೊಂಡು ನೀ ಎಷ್ಟು ಖುಷಿ ಆಗಿದ್ದಿ."

ಬಸ್ಸು ಬಂತು. ಅವ್ವ ನೂಕುನುಗ್ಗಲಿನಲ್ಲಿ ನನ್ನ ಕೈ ಬಿಡಿಸಿಕೊಂಡು ಚುರುಕಾಗಿ ಹತ್ತಿ, ಕಿಟಕಿಯ ಪಕ್ಕ ಸೀಟು ಹಿಡಿದು, ಹೋಗು ಎಂದು ಕೈ ಬೀಸಿದಳು. ನನಗೆ ಅಳು ಬಂತು. ಅಷ್ಟು ಜನರ ನಡುವೆ ಅಳಲಾಗದೆ ಒಂದು ಚಹ ಕುಡಿದೆ. ಅದೂ ಸಕ್ಕರೆ ಪಾನಕದಂತಿತ್ತು, ಚಹದವನಿಗೆ ಬೈದೆ.

ಮಧ್ಯಾಹ್ನಕ್ಕೆ ರಾಯಚೂರಿನ ಗ್ಯಾರೇಜಿನಲ್ಲಿದ್ದೆ. "ಹಳೇ ಸ್ಪ್ರಿಂಗ್ ಎಲ್ಲಿಟ್ಟೀದಿ? ಅವನ್ನೇ ಹಾಕಿಬಿಡು," ಎಂದೆ.

ಗೆಳೆಯ ಸ್ಪ್ಯಾನರ್ ಕೆಳಗಿಟ್ಟ. "ದಿಮಾಕ್ ಖರಾಬ್ ಆಗ್ಯದೇನು ಮಾಸ್ತರ? ನಾಡಿದ್ದು ಓಟ ಅದ!"

"ಓಟಕ್ಕ ಬರಂಗಿಲ್ಲ ನಾನು."

ಅಲ್ಲೇ ಕೂತಿದ್ದ ಬಟ್ಟೆ ಅಂಗಡಿಯವನು ಮಿರ್ಚಿ ಕಚ್ಚುತ್ತ, "ನಮ್ಮ ಆವಾಜ್ ಕೇಳೇ ಹೆದರಿದ್ರು ನೋಡ್ರಿ," ಎಂದು ಕೇಕೆ ಹಾಕಿದ. ಬೇರೆ ದಿನವಾಗಿದ್ದರೆ ಅವನ ಪ್ಲೇಟು ಕಿತ್ತುಕೊಳ್ಳುತ್ತಿದ್ದೆ. ಅಂದು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಚಪ್ಪಲಿಯ ಮಾತು ಬಂದಾಗ ಅವನು ತಿನ್ನುವುದನ್ನು ನಿಲ್ಲಿಸಿದ. ಗೆಳೆಯ ಎದ್ದು ಜಾಕ್ ಎಳೆದು ತಂದ. ಸಂಜೆಯ ಹೊತ್ತಿಗೆ ನಾಲ್ಕೂ ಸ್ಪ್ರಿಂಗ್ ಬದಲಾದವು. ಕೊನೆಗೆ ಅವನು ಸಂದಿಗೆ ಅಂಗೈ ತೂರಿಸಿ ನೋಡಿ, ನನ್ನ ಕಡೆ ತಿರುಗಿ ಕೇಳಿದ:

"ಪೂರಾ ನಾಕು ಬೆರಳು ಬಂತು. ಕೆಳಗ ರಬ್ಬರ್ ಇಟ್ಟು ಇನ್ನೊಂದು ಬೆರಳು ಎತ್ತರ ಮಾಡ್ಲೇನು? ಅವ್ವಗ ಇನ್ನಾ ಮ್ಯಾಲೆ ಬರ್ತದ."

"ಬ್ಯಾಡ," ಎಂದೆ. "ಸಮಾ ಇದ್ರ ಸಾಕು."

ರವಿವಾರ ಬೆಳಿಗ್ಗೆ ಅವ್ವ ಬಸ್ಸಿಗೆಂದು ಚೀಲ ಹಿಡಿದು ಹೊರಬಂದವಳು ಕಾರನ್ನು ನೋಡಿ ನಿಂತಳು. ಒಂದು ಸುತ್ತು ಹಾಕಿದಳು. ಮುಂದಿನ ಬಾಗಿಲು ತೆಗೆದು ಹತ್ತಿ ಕೂತಳು. ಮೊಣಕಾಲಿನ ಸುದ್ದಿಯೇ ಇಲ್ಲ. ಸಿರವಾರ, ದೇವದುರ್ಗ, ಜಾಲಹಳ್ಳಿ ದಾಟುವವರೆಗೂ ದಾರಿಯುದ್ದಕ್ಕೂ ಮಾತು: ಯಾರ ಹೊಲದಲ್ಲಿ ಹತ್ತಿ ಚೆನ್ನಾಗಿದೆ, ಕೂಸು ಯಾರ ಮೂಗು ಹೊತ್ತು ತಂದಿದೆ, ನಾನು ಯಾಕೆ ತಲೆಗೆ ಎಣ್ಣೆ ಹಚ್ಚುವುದಿಲ್ಲ. ತಿರುವುಗಳಲ್ಲಿ ಕಾರು ಹಳೆಯ ಹಾಗೆ ವಾಲುತ್ತಿತ್ತು. ನನ್ನ ಧರ್ಮದ ಪ್ರಕಾರ ಅದು ತಪ್ಪು, ನನಗೆ ಒಂದಿಷ್ಟೂ ಬೇಜಾರಾಗಲಿಲ್ಲ.

ಊರು ಬಂದಾಗ ಅವ್ವ ಸೆರಗು ಸರಿಮಾಡಿಕೊಂಡು ಕಿಟಕಿಯ ಗಾಜು ಪೂರಾ ಇಳಿಸಿದಳು. ಕಟ್ಟೆಯ ಮೇಲೆ ಒಬ್ಬನೇ ಒಬ್ಬ ಮುದುಕ ಗೋಡೆಗೆ ಒರಗಿ ಕೂತಿದ್ದ. ಆ ಮನೆಯ ಯಜಮಾನ. ಹಿಂದೆ ಅವನ ಕೆಮ್ಮು ಕೇಳಿದರೇ ನಮ್ಮವರು ಚಪ್ಪಲಿಗೆ ಕೈ ಹಾಕುತ್ತಿದ್ದರು.

"ನಿಂದ್ರಸು," ಎಂದಳು ಅವ್ವ.

ಕಟ್ಟೆಯ ಎದುರಿಗೇ ನಿಲ್ಲಿಸಿದೆ. ಅವಳ ಮುಖ, ಅವನ ಮುಖ, ಎರಡೂ ಒಂದೇ ಮಟ್ಟದಲ್ಲಿದ್ದವು. ಈ ಸಲ ನಾನೂ ನೋಡಿದೆ.

"ಆರಾಮ ಅದೀರೇನ್ರೀ ಗೌಡ್ರ?"

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. "ಯಾರವ್ವಾ ಅದು?"

"ನಾನ್ರೀ, ಕೆಳಗಿನ ಕೇರಿ ಹೆಣ್ಣುಮಗಳು. ತೊಟ್ಟಲಕ್ಕ ಬಂದೀನಿ. ಇವ ನನ್ನ ಮಗ, ಸಾಲಿ ಮಾಸ್ತರ."

ಮುದುಕನಿಗೆ ಗುರುತು ಸಿಕ್ಕಿತು. ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಪಕ್ಕದ ಜಾಗ ಝಾಡಿಸಿದ. "ಇಳದು ಬಾರವ್ವಾ, ಮ್ಯಾಲೆ ಬಂದು ಕುಂದ್ರು. ಚಾ ಮಾಡಸ್ತೀನಿ." ಅವನ ದನಿಯಲ್ಲಿ ಕಪಟವಿರಲಿಲ್ಲ, ಅದನ್ನೂ ಹೇಳಬೇಕು.

ಅವ್ವ ಆ ಝಾಡಿಸಿದ ಜಾಗವನ್ನು ನೋಡಿದಳು. ಅವಳ ಕೈ ಬಾಗಿಲಿನ ಹಿಡಿಕೆಯ ಹತ್ತಿರ ಹೋಯಿತು. ಕೈ ವಾಪಸ್ಸು ಮಡಿಲಿಗೆ ಬಂತು.

"ಇಲ್ರೀ, ಇಲ್ಲೇ ಆರಾಮ ಕುಂತೀನಿ," ಎಂದಳು.

ಆಮೇಲೆ ಅವನ ಮಂಡಿ ನೋವು, ಸೊಸೆ, ಈ ವರ್ಷದ ಮಳೆ ಎಲ್ಲವನ್ನೂ ಕೂತಲ್ಲಿಂದಲೇ ವಿಚಾರಿಸಿದಳು. ಮಾತು ಮುಗಿದ ಮೇಲೆ ನನ್ನ ಕಡೆ ತಿರುಗಿ, "ನಡಿಯಪ್ಪಾ. ಸಾವಕಾಶ ಹೊಡಿ," ಎಂದಳು.

ಕೇರಿ ಮುಟ್ಟುವ ತನಕ ನಾನು ಎರಡನೇ ಗೇರ್ ಹಾಕಲಿಲ್ಲ.